ಸೆಳೆತ ಯಾವ ಬೆರಳಿಗೆ ಇಳಿಯುತ್ತದೆ?

ಪ್ರಶ್ನೆ: ತೊಗರಿ ಚೀಲ ಎತ್ತುವಾಗ ನಡಾ ಹಿಡೀತು, ಆಮ್ಯಾಲ ಎಡಗಾಲಿಗೆ ಸೆಳೆತ ಸುರು ಆಯ್ತು. ಎಂಆರ್‌ಐ ರಿಪೋರ್ಟಿನ್ಯಾಗ ಎಲ್4–ಎಲ್5 ಡಿಸ್ಕ್ ಜರದದ ಅಂತ ಬರ್ದಾರ. ಡಾಕ್ಟರ್ ಸಾಹೇಬ್ರು ಎಲ್5 ನರ ಒತ್ತೇದ ಅಂತಾರ. ಎರಡರಾಗ ಯಾವ್ದು ಖರೇ? ಮೂರು ವಾರ ಆಯ್ತು, ಆಪರೇಷನ್ ಬೇಕೇನ್ರಿ?
— ಓದುಗರು, ಸೇಡಂ

ಉತ್ತರ: ಎರಡೂ ಖರೇ. ಸೊಂಟದಲ್ಲಿ ಎಲ್1ರಿಂದ ಎಲ್5ರವರೆಗೆ ಐದು ಮಣಿಗಳು, ಅವುಗಳ ಕೆಳಗೆ ಬೆನ್ನೆಲುಬಿನ ಬುಡದ ಎಲುಬಾದ ತ್ರಿಕಾಸ್ಥಿಯ ಮೊದಲ ಭಾಗ ಎಸ್1. ಎರಡು ಮಣಿಗಳ ನಡುವಿನ ಮೆತ್ತೆಯೇ ಡಿಸ್ಕ್. ದೊಡ್ಡವರಲ್ಲಿ ಬೆನ್ನುಹುರಿ ಎಲ್1–ಎಲ್2ರ ಹತ್ತಿರವೇ ಮುಗಿದು, ಮುಂದೆ ಕುದುರೆಯ ಬಾಲದಂತೆ ನರಗಳ ಕಂತೆ ಇಳಿಯುತ್ತದೆ. ಪ್ರತಿ ನರವೂ ತನ್ನ ಹೆಸರಿನ ಮಣಿಯ ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ. ಎಲ್4 ನರ ತನ್ನ ಕಿಂಡಿಯ ಮೇಲ್ಭಾಗದಲ್ಲೇ, ಡಿಸ್ಕಿನ ಮಟ್ಟಕ್ಕಿಂತ ಮೇಲೆಯೇ ಹೊರಟುಹೋಗಿರುತ್ತದೆ. ಎಲ್4–ಎಲ್5 ಡಿಸ್ಕಿನ ಬೆನ್ನಿಗೆ ಹಾದು ಕೆಳಗಿನ ಕಿಂಡಿಗೆ ಹೊರಟಿರುವುದು ಎಲ್5. ನಡುಮಧ್ಯೆ ಉದ್ದಕ್ಕೂ ಗಟ್ಟಿ ಪಟ್ಟಿಯಿರುವುದರಿಂದ ಡಿಸ್ಕ್ ಅದರ ಪಕ್ಕಕ್ಕೆ ಜರುಗುತ್ತದೆ, ಅಲ್ಲಿ ಸಿಗುವುದು ಇದೇ ಎಲ್5. ತೀರ ಹೊರಬದಿಗೆ ಜರುಗಿದರೆ ಮಾತ್ರ ಎಲ್4 ಸಿಕ್ಕಿಬೀಳುತ್ತದೆ.

ಕಾಲನ್ನೇ ಕೇಳಿ ನೋಡಿ. ಪಾದದ ಮೇಲ್ಭಾಗ, ಹೆಬ್ಬೆರಳು ಜುಮ್ಮೆಂದು ಹಿಮ್ಮಡಿಯ ಮೇಲೆ ನಡೆಯಲು ಆಗದಿದ್ದರೆ ಎಲ್5. ಮೀನಖಂಡದಿಂದ ಕಿರುಬೆರಳಿಗೆ ಇಳಿದು ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಎಸ್1. ಮೊಣಕಾಲಿನ ಕೆಳಗೆ ಒಳಬದಿ ಮರಗಟ್ಟಿ, ಮೆಟ್ಟಿಲು ಹತ್ತುವಾಗ ಮೊಣಕಾಲು ಸೋತರೆ ಎಲ್4. ರಿಪೋರ್ಟೂ ಕಾಲೂ ಒಂದೇ ಮಾತು ಹೇಳಬೇಕು. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ನೂರಕ್ಕೆ ಸುಮಾರು 30 ಜನರ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬು ಕಾಣುತ್ತದೆ. ಬರೀ ಚಿತ್ರ ನೋಡಿ ಕತ್ತರಿ ಹಿಡಿಯುವುದು ತಪ್ಪು.

ಕಾಲಿನ ಬಲ ಸರಿಯಿದ್ದರೆ ಮೂರು ವಾರಕ್ಕೇ ಆಪರೇಷನ್ ಬೇಡ. ಆರರಿಂದ ಹನ್ನೆರಡು ವಾರದಲ್ಲಿ ಹೆಚ್ಚಿನವರಿಗೆ ಸೆಳೆತ ಇಳಿಯುತ್ತದೆ. ಹೊರಬಿದ್ದ ತುಣುಕನ್ನು ಎಷ್ಟೋ ಸಲ ದೇಹವೇ ಕರಗಿಸುತ್ತದೆ. ಚೀಲ ಎತ್ತಬೇಡಿ, ಆದರೆ ಹಾಸಿಗೆಯನ್ನೂ ಹಿಡಿಯಬೇಡಿ. ಹೆಬ್ಬೆರಳು ಎತ್ತುವ ಬಲ ದಿನೇ ದಿನೇ ಕುಗ್ಗಿದರೆ ಕಾಯುವಂತಿಲ್ಲ. ಮೂತ್ರ ಕಟ್ಟಿದರೆ ಅಥವಾ ಕೂರುವ ಜಾಗ ಮರಗಟ್ಟಿದರೆ ಬೆಳಗಾಗುವುದನ್ನೂ ಕಾಯದೆ ಕಲಬುರಗಿಯ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಗ ಆಪರೇಷನ್ 24 ಗಂಟೆಯೊಳಗೆ, ತಡವೆಂದರೆ 48 ಗಂಟೆಯೊಳಗೆ ಆಗಬೇಕು.

ಪ್ರಶ್ನೆ: ನನ್ನದು ಎಲ್5–ಎಸ್1 ಡಿಸ್ಕ್. ಹೈದರಾಬಾದಿನ್ಯಾಗ ಒಬ್ಬರು ಒಂದೇ ಹೊಲಿಗಿ ದುರ್ಬೀನ್ ಆಪರೇಷನ್ ಅಂತಾರ, ಇನ್ನೊಬ್ಬರು ಮೈಕ್ರೋಸ್ಕೋಪ್ ಹಚ್ಚಿ ಒಂದು ಇಂಚು ಕೊಯ್ತೀವಿ ಅಂತಾರ. ಗಾಯ ಸಣ್ಣದಿದ್ರ ಛಲೋ ಅಲ್ಲೇನ್ರಿ?
— ಓದುಗರು, ಬೀದರ್

ಉತ್ತರ: ಚರ್ಮದ ಗಾಯ ನೋಡಿ ಆರಿಸಬೇಡಿ. ವರ್ಷ ಕಳೆಯುವ ಹೊತ್ತಿಗೆ ಕಾಲುನೋವು ಇಳಿಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ದುರ್ಬೀನಿನಲ್ಲಿ (ಎಂಡೋಸ್ಕೋಪ್) ಸ್ನಾಯುವಿಗೆ ಪೆಟ್ಟು ಕಡಿಮೆ, ಮೊದಲ ವಾರಗಳ ಬೆನ್ನುನೋವು ಕಡಿಮೆ.

ಮೈಕ್ರೋಸ್ಕೋಪಿನ ವಿಧಾನದಲ್ಲಿ 2.5–3 ಸೆಂ.ಮೀ. ಕೊಯ್ದು, ಸ್ನಾಯುವನ್ನು ಸರಿಸಿ, ಮಣಿಯ ಹಿಂಬದಿಯ ಅಂಚನ್ನು ಚೂರು ಕೆರೆದು, ಮಣಿಗಳನ್ನು ಹಿಂದಿನಿಂದ ಜೋಡಿಸುವ ಹಳದಿ ಪಟ್ಟಿಯನ್ನು ತೆರೆಯುತ್ತಾರೆ. ನರವನ್ನು ಮೆಲ್ಲಗೆ ನಡುಮಧ್ಯಕ್ಕೆ ಸರಿಸಿ ತುಣುಕನ್ನು ಕೀಳುತ್ತಾರೆ. ಸ್ನಾಯುವಿನ ಎಳೆಗಳನ್ನು ಅಗಲಿಸಿ 18–22 ಮಿ.ಮೀ. ಕೊಳವೆಯೊಳಗಿಂದ ಇದನ್ನೇ ಮಾಡುವುದೂ ಉಂಟು. ದುರ್ಬೀನಿಗೆ 8 ಮಿ.ಮೀ. ರಂಧ್ರ ಸಾಕು, ಒಳಗೆ ಸಲೈನ್ ಹರಿಯುತ್ತಲೇ ಇರುತ್ತದೆ. ಅದಕ್ಕೆ ಎರಡು ದಾರಿಗಳಿವೆ. ಪಕ್ಕದ ದಾರಿ ಕಿಂಡಿಯ ಮೂಲಕ, ಹೊರಬೀಳುವ ನರದ ಕೆಳಗೆ ಕ್ಯಾಂಬಿನ್ ತ್ರಿಕೋನ ಎಂದು ಕರೆಯುವ ಜಾಗದೊಳಗೆ ಹೋಗುತ್ತದೆ. ಇಲ್ಲಿ ಎಷ್ಟೋ ಸಲ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಉಪಕರಣ ನರಕ್ಕೆ ತಾಗಿದರೆ ರೋಗಿಯೇ ಹೇಳಲಿ ಎಂದು. ಆದರೆ ಎಲ್5–ಎಸ್1ರಲ್ಲಿ ಸೊಂಟದ ಎತ್ತರದ ಎಲುಬು ಈ ದಾರಿಗೆ ಅಡ್ಡ ಬರುತ್ತದೆ. ಅಲ್ಲಿ ಹಿಂದಿನಿಂದ ಹೋಗುವುದೇ ಸಲೀಸು, ಏಕೆಂದರೆ ಮಣಿಗಳ ನಡುವಿನ ಸಂದು ಅಲ್ಲೇ ಅತಿ ಅಗಲ. ಹಾಗಾಗಿ ಡಾಕ್ಟರರನ್ನು ಕೇಳಬೇಕಾದದ್ದು ಹೊಲಿಗೆಯ ಲೆಕ್ಕವನ್ನಲ್ಲ, ಯಾವ ದಾರಿ, ಯಾಕೆ ಎಂಬುದನ್ನು.

ಎಡವಟ್ಟುಗಳೂ ಇವೆ. ಆಪರೇಷನ್ ಕೋಣೆಯ ಸಿ-ಆರ್ಮ್ ಎಕ್ಸರೇಯಲ್ಲಿ ಮಣಿ ಎಣಿಸದಿದ್ದರೆ ಬೇರೆಯೇ ಡಿಸ್ಕ್ ತೆರೆದಾರು. ಕೆಳಗೆ ಜಾರಿದ ತುಣುಕು ದುರ್ಬೀನಿನ ಕಣ್ಣಿಗೆ ಬೀಳದೆ ಉಳಿದೀತು. ನರಗಳನ್ನು ಸುತ್ತಿದ ನೀರಿನ ಚೀಲ ಹರಿದರೆ ಗಾಯದಿಂದ ತಿಳಿನೀರು ಸೋರುತ್ತದೆ, ಎದ್ದು ಕೂತಾಗ ತಲೆ ಸಿಡಿಯುತ್ತದೆ. ಪಕ್ಕದ ದಾರಿಯಲ್ಲಿ ನರದ ಗಂಟು ಕೆರಳಿದರೆ ಕಾಲು ಕೆಲವು ವಾರ ಉರಿಯುತ್ತದೆ. ಯಾವುದೇ ವಿಧಾನದಲ್ಲೂ ನೂರಕ್ಕೆ 5–10 ಜನರಿಗೆ ಡಿಸ್ಕ್ ಮತ್ತೆ ಜರುಗುತ್ತದೆ.

ಮೊದಲೇ ಸಕ್ಕರೆ ಹತೋಟಿಗೆ ತನ್ನಿ, ಗುಟ್ಕಾ, ಬೀಡಿ ಬಿಡಿ. ರಕ್ತ ತೆಳುವಾಗಿಸುವ ಗುಳಿಗೆಯಿದ್ದರೆ ಕೊಟ್ಟ ಡಾಕ್ಟರರನ್ನು ಕೇಳದೆ ನಿಲ್ಲಿಸಬೇಡಿ. ವಾಪಸ್ ಬರುವಾಗ ಬಸ್ಸಿಗಿಂತ ಸೀಟು ಹಿಂದಕ್ಕೆ ಒರಗುವ ಕಾರು ವಾಸಿ, ಮುಕ್ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ.

ಪ್ರಶ್ನೆ: ಅಪ್ಪಗ 66 ವರ್ಷ, ಕುರಿ ಕಾಯ್ತಾರ. ನೂರು ಹೆಜ್ಜಿ ನಡದ್ರ ಎರಡೂ ಕಾಲು ಭಾರ ಆಗ್ತಾವ, ಕುಂತ್ರ ಹಗರಾಗ್ತದ. ಸೈಕಲ್ ಮ್ಯಾಲ ಎಷ್ಟು ದೂರ ಆದ್ರೂ ಹೋಗ್ತಾರ. ಇದಕ್ಕೂ ಸಣ್ಣ ರಂಧ್ರದ ಆಪರೇಷನ್ ಅದ ಏನ್ರಿ?
— ಓದುಗರು, ಶಹಾಪುರ

ಉತ್ತರ: ಅದ. ಇದು ನರದ ಕಾಲುವೆ ಕಿರಿದಾದ ಲಕ್ಷಣ. ಮುಂದಕ್ಕೆ ಬಾಗಿದಾಗ ಕಾಲುವೆ ಹಿಗ್ಗುತ್ತದೆ, ಅದಕ್ಕೇ ಸೈಕಲ್ ಸಲೀಸು. ಕಾಲಿನ ರಕ್ತನಾಳ ಕಟ್ಟಿದ್ದರೆ ಸೈಕಲ್ ತುಳಿದರೂ ನೋಯುತ್ತಿತ್ತು, ಸುಮ್ಮನೆ ನಿಂತರೂ ಹಗುರಾಗುತ್ತಿತ್ತು. ಆದರೂ ಪಾದದ ನಾಡಿ ನೋಡಿಸಿ. ಒಂದೇ ಬದಿಯಿಂದ ಕೊಳವೆ ಇಳಿಸಿ ಎರಡೂ ಬದಿಯ ಒತ್ತಡ ತೆಗೆಯಬಹುದು. ಬಾಗಿಸಿ, ನೆಟ್ಟಗೆ ನಿಲ್ಲಿಸಿ ತೆಗೆದ ಎಕ್ಸರೇಯಲ್ಲಿ ಮಣಿ ಜಾರದಿದ್ದರೆ ಮಣಿಗಳನ್ನು ಬಿಗಿಯುವ ಸ್ಕ್ರೂ ಬೇಕಿಲ್ಲ.

ನಿಮ್ಮ ಭಾಗದಲ್ಲಿ ಇನ್ನೆರಡು ವಿಚಾರ ಮರೆಯಬಾರದು. ಯಾದಗಿರಿ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದರೆ ಬೆನ್ನಿನ ಪಟ್ಟಿಗಳು ಎಲುಬಿನಂತೆ ಗಟ್ಟಿಯಾಗಿ ನರದ ಚೀಲಕ್ಕೆ ಅಂಟಬಹುದು, ಕೆರೆಯುವಾಗ ಚೀಲ ಹರಿಯುವ ಅಪಾಯ ಹೆಚ್ಚು. ಯಾವ ನೀರು ಕುಡಿದು ಬೆಳೆದರೆಂದು ಡಾಕ್ಟರರಿಗೆ ಹೇಳಿ. ಎಲುಬು ಸ್ಪಷ್ಟವಾಗಿ ಕಾಣಲು ಎಂಆರ್‌ಐ ಜೊತೆ ಸಿಟಿ ಸ್ಕ್ಯಾನೂ ಆಗಲಿ. ಸಂಜೆ ಜ್ವರ, ಬೆವರು, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಆಪರೇಷನ್ನಿನ ಮಾತಿಗೆ ಮುಂಚೆ ಬೆನ್ನಿನ ಕ್ಷಯದ ತಪಾಸಣೆ ಮಾಡಿಸಿ, ಕುರಿಗಳಿಂದ, ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ ಸೋಂಕಿನ ರಕ್ತಪರೀಕ್ಷೆಯನ್ನೂ ಮಾಡಿಸಿ. ಇವೆರಡರಲ್ಲೂ ಮುಖ್ಯ ಚಿಕಿತ್ಸೆ ತಿಂಗಳುಗಟ್ಟಲೆ ನುಂಗಬೇಕಾದ ಔಷಧ.