ಕ್ಲಿಂಟನ್‌ವಿಲ್ಲೋ, ಡಬ್ಲಿನ್ನೋ?

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಕ್ಲಿಂಟನ್‌ವಿಲ್ ಬಡಾವಣೆಯ ಹಳೇ ಮನೆ ತೆಗೆದುಕೊಳ್ಳುವುದಾ, ಶಾಲೆಗೋಸ್ಕರ ಪಕ್ಕದ ಊರು ಡಬ್ಲಿನ್‌ಗೆ ಹೋಗುವುದಾ ಅಂತ ಕೇಳಿದ್ದೀರಿ. ಅಲ್ಲಿ ಊರಿನ ಗಡಿ ಬೇರೆ, ಮಕ್ಕಳಿಗೆ ಯಾವ ಸರ್ಕಾರಿ ಶಾಲೆ ಅಂತ ತೀರ್ಮಾನಿಸುವ ಶಾಲಾ ಜಿಲ್ಲೆಯ ಗಡಿ ಬೇರೆ. ವಿಳಾಸ ಕೊಲಂಬಸ್ ಇದ್ದರೂ ಶಾಲೆ ಡಬ್ಲಿನ್ ಅಥವಾ ಇನ್ನೊಂದು ಪಕ್ಕದೂರು ಹಿಲಿಯರ್ಡ್‌ನ ಜಿಲ್ಲೆಯದಾಗಿರಬಹುದು. ಕೊಲಂಬಸ್ ಇರುವ ಫ್ರಾಂಕ್ಲಿನ್ ಕೌಂಟಿಯ ಆಡಿಟರ್ (ಆಸ್ತಿ ಬೆಲೆಯ ಲೆಕ್ಕ ಇಡುವ ಅಧಿಕಾರಿ) ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ, ತೆರಿಗೆಯೂ ಗೊತ್ತಾಗುತ್ತದೆ. ಆ ತೆರಿಗೆ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಒಹಾಯೊದಲ್ಲಿ ತೆರಿಗೆಗಾಗಿ 6 ವರ್ಷಕ್ಕೊಮ್ಮೆ ಮನೆ ಬೆಲೆಯನ್ನು ಹೊಸದಾಗಿ ಕಟ್ಟುತ್ತಾರೆ, ನಡುವೆ 3ನೇ ವರ್ಷವೂ ಪರಿಷ್ಕರಿಸುತ್ತಾರೆ.

ನನಗಂತೂ ಕ್ಲಿಂಟನ್‌ವಿಲ್ಲೇ ಜಾಸ್ತಿ ಇಷ್ಟ. ದೊಡ್ಡ ಮರಗಳು, ಹೈ ಸ್ಟ್ರೀಟ್‌ನ ಬಸ್ಸು, ಒಲೆಂಟಾಂಜಿ ನದಿ ಪಕ್ಕದ ಸೈಕಲ್ ದಾರಿ! ಆದರೆ ಹಲವು ಮನೆಗಳು ಎರಡನೇ ಮಹಾಯುದ್ಧಕ್ಕೂ ಹಿಂದಿನವು. ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ. ಬೇಸ್‌ಮೆಂಟಿನಲ್ಲಿ ರೇಡಾನ್ (ನೆಲದಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ) ಪರೀಕ್ಷೆ ಬಿಡಲೇಬೇಡಿ. ಅದರ ಪ್ರಮಾಣ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಅದನ್ನು ಹೊರಹಾಕುವ ಫ್ಯಾನ್ ಬೇಕು, ಆ ಖರ್ಚನ್ನು ಮಾರುವವರ ಹತ್ತಿರವೇ ಕೇಳಿ.