ಕಂಟೇನರ್ ಬಿದ್ದರೆ ಎತ್ತುವವರು ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಡಾಕರ್ ಕಲಿತಿದ್ದೇನೆ. ನನ್ನ ಪ್ರಾಜೆಕ್ಟ್ ಲ್ಯಾಪ್‌ಟಾಪ್‌ನಲ್ಲಿ ಕಂಟೇನರ್ ಆಗಿ ಚೆನ್ನಾಗಿಯೇ ಓಡುತ್ತಿದೆ. ಹಾಗಿರುವಾಗ ಕುಬರ್ನೆಟೀಸ್ ಏಕೆ ಬೇಕು? ಸಂದರ್ಶನಗಳಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರಂತೆ.
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಂದರ್ಶನದ ಮಾತು ಆಮೇಲೆ. ಕುಬರ್ನೆಟೀಸ್ ಎಂದರೆ ಹಲವು ಯಂತ್ರಗಳಲ್ಲಿ ಹರಡಿರುವ ಕಂಟೇನರ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗ ಓಡುತ್ತಿರುವುದು ಏನು ಎಂಬುದನ್ನು ಮೊದಲು ನೋಡೋಣ. ಕಂಟೇನರ್ ಎಂದರೆ ಕಂಪ್ಯೂಟರ್ ಒಳಗಿನ ಪುಟ್ಟ ಕಂಪ್ಯೂಟರ್ ಅಲ್ಲ. ಅದು ಲಿನಕ್ಸ್‌ನ ಒಂದು ಸಾಮಾನ್ಯ ಪ್ರಕ್ರಿಯೆ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಮ್. (ನಿಮ್ಮದು ವಿಂಡೋಸ್ ಆಗಿದ್ದರೆ ಒಳಗೆ ಒಂದು ಲಿನಕ್ಸ್ ಓಡುತ್ತಿರುತ್ತದೆ.) ಉಳಿದ ಪ್ರಕ್ರಿಯೆಗಳು ಅದರ ಕಣ್ಣಿಗೆ ಬೀಳದಂತೆ ನೇಮ್‌ಸ್ಪೇಸ್ ಎಂಬ ಸೌಲಭ್ಯ ಮರೆ ಕಟ್ಟುತ್ತದೆ. ಅದು ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಎಂಬುದಕ್ಕೆ ಸಿಗ್ರೂಪ್ ಎಲ್ಲೆ ಹಾಕುತ್ತದೆ. ಸಿಗ್ರೂಪ್ ಕೆಲಸವನ್ನು ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಆರಂಭಿಸಿದರು. 2008ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.6.24ರಲ್ಲಿ ಅದು ಸೇರಿತು. ಇವನ್ನೆಲ್ಲ ಯಾರು ಬೇಕಾದರೂ ಒಂದೇ ಆಜ್ಞೆಯಲ್ಲಿ ಬಳಸುವಂತೆ ಮಾಡಿದ್ದು 2013ರಲ್ಲಿ ಬಂದ ಡಾಕರ್. ನಾನು ಸಂದರ್ಶನಕ್ಕೆ ಕೂತಾಗ ಕೇಳುವ ಮೊದಲ ಪ್ರಶ್ನೆ ಇದೇ: ಕಂಟೇನರ್ ಎಂದರೇನು? ಕುಬರ್ನೆಟೀಸ್ ಆಜ್ಞೆಗಳನ್ನು ಗಡಗಡನೆ ಒಪ್ಪಿಸುವ ಎಷ್ಟೋ ಮಕ್ಕಳು ಇಲ್ಲಿ ತಡವರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬುದ್ಧಿ ಕಡಿಮೆಯಾಗಿ ಹೀಗಾಗುವುದಿಲ್ಲ, ಯಾರೂ ಅವರಿಗೆ ಬುಡದಿಂದ ಹೇಳಿಕೊಟ್ಟಿರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಡಾಕರ್ ಆಜ್ಞೆ ಒಂದು ಯಂತ್ರದಲ್ಲಿ ಒಂದು ಕಂಟೇನರನ್ನು ಓಡಿಸುತ್ತದೆ. ಇಪ್ಪತ್ತು ಯಂತ್ರಗಳು, ಇನ್ನೂರು ಕಂಟೇನರ್‌ಗಳು ಇದ್ದರೆ? ಯಾವುದನ್ನು ಯಾವ ಯಂತ್ರದಲ್ಲಿ ಕೂರಿಸಬೇಕು? ರಾತ್ರಿ ಒಂದು ಯಂತ್ರ ಕೆಟ್ಟರೆ ಅದರ ಮೇಲಿದ್ದವನ್ನು ಬೇರೆಡೆ ಶುರು ಮಾಡುವವರು ಯಾರು? ಹೊಸ ಜಾಗದ ವಿಳಾಸ ಉಳಿದವುಗಳಿಗೆ ಗೊತ್ತಾಗುವುದು ಹೇಗೆ? ಗೂಗಲ್ ತನ್ನ ಒಳಗಿನ ಬಳಕೆಗೆ ಬೋರ್ಗ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದು ಇದಕ್ಕಾಗಿ. ಅದರ ಅನುಭವದಿಂದ ಹುಟ್ಟಿದ ಕುಬರ್ನೆಟೀಸನ್ನು 2014ರ ಜೂನ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. 2015ರ ಜುಲೈನಲ್ಲಿ 1.0 ಆವೃತ್ತಿ ಬಂತು.

ಇದರ ತಿರುಳು ಒಂದೇ. ನೀವು 'ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎಂದು ಹೇಳುವುದಿಲ್ಲ. 'ಈ ಅಪ್ಲಿಕೇಷನ್‌ನ ಮೂರು ಪ್ರತಿಗಳು ಸದಾ ಇರಬೇಕು' ಎಂದು ಬರೆದುಕೊಡುತ್ತೀರಿ. ಮನೆಯ ಮೇಲಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ವಾಲ್ವ್ ಇರುತ್ತದಲ್ಲ, ಯಾರು ಎಷ್ಟು ನೀರು ಬಳಸಿದರು ಎಂಬ ಲೆಕ್ಕ ಅದಕ್ಕೆ ಬೇಡ. ಮಟ್ಟ ಇಳಿಯಿತೇ, ತೆರೆದುಕೊಳ್ಳುತ್ತದೆ, ಏರಿತೇ, ಮುಚ್ಚಿಕೊಳ್ಳುತ್ತದೆ. ಕುಬರ್ನೆಟೀಸ್‌ನ ಕಂಟ್ರೋಲರ್‌ಗಳೂ ಹಾಗೆಯೇ: ಇರಬೇಕಾದದ್ದು ಎಷ್ಟು, ಇರುವುದು ಎಷ್ಟು ಎಂದು ಹೋಲಿಸಿ ನೋಡುತ್ತಲೇ ಇರುತ್ತವೆ, ಕೊರತೆ ಕಂಡರೆ ತುಂಬುತ್ತವೆ. ನೀವು ಬರೆದುಕೊಟ್ಟದ್ದು ಎಟ್‌ಸಿಡಿ ಎಂಬ ದತ್ತಾಂಶ ಕೋಶದಲ್ಲಿ ಉಳಿಯುತ್ತದೆ. ಶೆಡ್ಯೂಲರ್ ಜಾಗ ಗೊತ್ತುಮಾಡುತ್ತದೆ. ಪ್ರತಿ ಯಂತ್ರದಲ್ಲಿರುವ ಕ್ಯೂಬ್‌ಲೆಟ್ ಕಂಟೇನರನ್ನು ಎಬ್ಬಿಸಿ ನಿಲ್ಲಿಸುತ್ತದೆ. ಇವೆಲ್ಲ ತಮ್ಮ ತಮ್ಮಲ್ಲಿ ನೇರವಾಗಿ ಮಾತಾಡದೆ ಎಪಿಐ ಸರ್ವರ್ ಎಂಬ ನಡುವಿನ ಭಾಗದ ಮೂಲಕವೇ ವ್ಯವಹರಿಸುತ್ತವೆ.

ಯಂತ್ರ ಕೆಟ್ಟ ಕ್ಷಣವೇ ಎಲ್ಲವೂ ಬೇರೆಡೆ ಎದ್ದು ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಕ್ಯೂಬ್‌ಲೆಟ್ 10 ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ತಿಳಿಸುತ್ತಿರುತ್ತದೆ. ಸುಮಾರು ಮುಕ್ಕಾಲು ನಿಮಿಷ ಸದ್ದಿಲ್ಲದಿದ್ದರೆ ಆ ಯಂತ್ರ ಸಿದ್ಧವಿಲ್ಲ ಎಂದು ಗುರುತಾಗಿ, ಅದರ ಮೇಲಿನ ಪಾಡ್‌ಗಳಿಗೆ (ಪಾಡ್ ಎಂದರೆ ಒಟ್ಟಿಗೇ ಓಡುವ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಗುಂಪು) ಹೊಸ ಕೋರಿಕೆಗಳು ಹೋಗುವುದು ನಿಲ್ಲುತ್ತದೆ. ಆದರೆ ಬದಲಿ ಪಾಡ್‌ಗಳು ಬೇರೆ ಯಂತ್ರದಲ್ಲಿ ಹುಟ್ಟಲು, ನೀವು ಏನೂ ಬದಲಿಸದಿದ್ದರೆ, ಕುಬರ್ನೆಟೀಸ್ ಇನ್ನೂ 300 ಸೆಕೆಂಡು ಕಾಯುತ್ತದೆ. ನೆಟ್‌ವರ್ಕ್ ಸ್ವಲ್ಪ ಹೊತ್ತು ತೊಡಕಿದರೆ ಎಲ್ಲವನ್ನೂ ಎತ್ತಂಗಡಿ ಮಾಡಬಾರದು ಎಂಬುದೇ ಈ ತಾಳ್ಮೆಗೆ ಕಾರಣ. ಹಾಗಾಗಿ ಒಂದೇ ಪ್ರತಿ ಇಟ್ಟುಕೊಂಡು ನಿಶ್ಚಿಂತೆಯಿಂದ ಇರುವಂತಿಲ್ಲ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಿನಿಕ್ಯೂಬ್ (ಒಂದೇ ಯಂತ್ರದಲ್ಲಿ ಓಡುವ ಪುಟ್ಟ ಕುಬರ್ನೆಟೀಸ್) ಹಾಕಿಕೊಂಡು ಮೂರು ಪ್ರತಿಗಳ ಒಂದು ಡಿಪ್ಲಾಯ್‌ಮೆಂಟ್, ಅಂದರೆ ಎಷ್ಟು ಪ್ರತಿಗಳು ಇರಬೇಕು ಎಂಬ ಬರಹ, ಮಾಡಿ, ಒಂದು ಪಾಡನ್ನು ನಿಮ್ಮ ಕೈಯಾರೆ ಅಳಿಸಿ. ಹಳೆಯದು ಮರಳಿ ಬರುವುದಿಲ್ಲ; ಬೇರೆ ಹೆಸರಿನ, ಬೇರೆ ಐಪಿ ವಿಳಾಸದ ಹೊಸದೊಂದು ಬರುತ್ತದೆ. ಹಾಗೆ ಬದಲಾಗುವ ವಿಳಾಸಗಳ ಮುಂದೆ ಬದಲಾಗದ ಒಂದು ವಿಳಾಸ ಬೇಕಲ್ಲ, ಸರ್ವಿಸ್ ಎಂಬುದು ಅದಕ್ಕೇ ಇರುವುದು.

ಪ್ರಶ್ನೆ: ನಮ್ಮ ಕಂಪನಿಯ ಜಾವಾ ಅಪ್ಲಿಕೇಷನ್ ದಿನಕ್ಕೆ ಹಲವು ಬಾರಿ ತಾನಾಗಿಯೇ ಮರುಆರಂಭವಾಗುತ್ತದೆ. ಒಮ್ಮೆ 'ಊಮ್ ಕಿಲ್ಡ್' ಎಂದು, ಮತ್ತೊಮ್ಮೆ 'ಕ್ರ್ಯಾಶ್ ಲೂಪ್ ಬ್ಯಾಕ್ ಆಫ್' ಎಂದು ತೋರಿಸುತ್ತದೆ. ಮೆಮೊರಿ ಹೆಚ್ಚಿಸಿ ಎನ್ನುತ್ತಾರೆ. ಅಷ್ಟು ಸಾಕೇ?
– ಸಿಸ್ಟಮ್ ಅಡ್ಮಿನ್, ಮೈಸೂರು

ಉತ್ತರ: ಮೊದಲ ಸಂದೇಶ ಕಾರಣವನ್ನು ಹೇಳುತ್ತದೆ, ಎರಡನೆಯದು ಪರಿಣಾಮವನ್ನಷ್ಟೇ. ಕಂಟೇನರ್ ತನಗೆ ಹಾಕಿದ ಮೆಮೊರಿ ಮಿತಿಯನ್ನು ದಾಟಿದಾಗ ಲಿನಕ್ಸ್ ಕರ್ನಲ್ ಅದನ್ನು ಅಲ್ಲಿಯೇ ಕೊಲ್ಲುತ್ತದೆ. ನಿರ್ಗಮನ ಸಂಕೇತ 137 ಎಂದಿರುತ್ತದೆ: 128ಕ್ಕೆ, ಕೊಲ್ಲುವ ಸಿಗ್ನಲ್‌ನ ಸಂಖ್ಯೆಯಾದ 9 ಸೇರಿಸಿದ್ದು. ಸಿಪಿಯು ಮಿತಿ ಮೀರಿದರೆ ಹೀಗೆ ಕೊಲ್ಲುವುದಿಲ್ಲ, ವೇಗ ತಗ್ಗಿಸುತ್ತದೆ, ಅಷ್ಟೆ. ಮತ್ತೆ ಮತ್ತೆ ಬೀಳುವ ಕಂಟೇನರನ್ನು ಕ್ಯೂಬ್‌ಲೆಟ್ 10 ಸೆಕೆಂಡು, 20, 40 ಎಂದು ಕಾಯುವ ಅವಧಿಯನ್ನು ದುಪ್ಪಟ್ಟು ಮಾಡುತ್ತ, ಹೆಚ್ಚೆಂದರೆ ಐದು ನಿಮಿಷ ಬಿಟ್ಟು ಎಬ್ಬಿಸುತ್ತದೆ. ನಿಮಗೆ ಕಾಣುವ ಎರಡನೆಯ ಸಂದೇಶ ಆ ಕಾಯುವಿಕೆಯದು.

ಮೆಮೊರಿ ಹೆಚ್ಚಿಸುವ ಮುನ್ನ ಬಳಕೆಯ ನಕ್ಷೆಯನ್ನು ತೆರೆದು ನೋಡಿ. ಆರಂಭದಿಂದಲೇ ಒಂದೇ ಸಮನೆ ಏರುತ್ತ ಹೋಗಿ ಕೊನೆಗೆ ಬಿದ್ದಿದ್ದರೆ ಎಲ್ಲೋ ಸೋರಿಕೆ ಇದೆ, ಅಂದರೆ ಬಳಸಿದ ಮೆಮೊರಿಯನ್ನು ಅಪ್ಲಿಕೇಷನ್ ಬಿಟ್ಟುಕೊಡುತ್ತಿಲ್ಲ. ಮಿತಿ ಹೆಚ್ಚಿಸಿದರೆ ಬೀಳುವ ಹೊತ್ತು ಮುಂದೆ ಹೋಗುತ್ತದೆ, ಬೀಳುವುದು ತಪ್ಪುವುದಿಲ್ಲ. ಎದ್ದ ಕೂಡಲೇ ಮಿತಿಗೆ ತಾಗಿ ಬಿದ್ದಿದ್ದರೆ ಮಿತಿಯೇ ಚಿಕ್ಕದು. ಜಾವಾ ಎಂದಿರಿ, ಆವೃತ್ತಿ ಯಾವುದು? 8ನೇ ಆವೃತ್ತಿಯ 191ನೇ ಅಪ್‌ಡೇಟ್‌ಗಿಂತ ಹಳೆಯದಾದರೆ ಅದು ಕಂಟೇನರ್‌ನ ಮಿತಿಯನ್ನು ಗಮನಿಸದೆ ಇಡೀ ಯಂತ್ರದ ಮೆಮೊರಿ ತನ್ನದೇ ಎಂದು ಲೆಕ್ಕ ಹಾಕುತ್ತದೆ. ನಿಮ್ಮಲ್ಲಿ ನಾನು ಮೊದಲು ಪರೀಕ್ಷಿಸುವುದು ಇದನ್ನೇ. ಸತ್ತ ಕಂಟೇನರ್ ಕೊನೆಯದಾಗಿ ಬರೆದ ಲಾಗ್ ನೋಡಲು ಕುಬರ್ನೆಟೀಸ್‌ಗೆ ಆಜ್ಞೆ ಕೊಡುವ ಸಾಧನವಾದ ಕ್ಯೂಬ್‌ಸಿಟಿಎಲ್‌ನ ಲಾಗ್ಸ್ ಆಜ್ಞೆಗೆ 'ಪ್ರೀವಿಯಸ್' ಆಯ್ಕೆ ಸೇರಿಸಬೇಕು. ಇಲ್ಲದಿದ್ದರೆ ಈಗ ಓಡುತ್ತಿರುವುದರ ಲಾಗ್ ಮಾತ್ರ ಸಿಗುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲವಾದರೂ. ಲೈವ್‌ನೆಸ್ ಪ್ರೋಬ್ (ಕಂಟೇನರ್ ಬದುಕಿದೆಯೇ ಎಂದು ಕ್ಯೂಬ್‌ಲೆಟ್ ಆಗಾಗ ನೋಡುವ ಪರೀಕ್ಷೆ) ಒಳಗೆ ಡೇಟಾಬೇಸ್ ಸಂಪರ್ಕವನ್ನು ಪರೀಕ್ಷಿಸುತ್ತಿದ್ದರೆ ದಯವಿಟ್ಟು ಇಂದೇ ತೆಗೆಯಿರಿ. ಡೇಟಾಬೇಸ್ ನಿಧಾನವಾದ ಹೊತ್ತಿನಲ್ಲಿ ಒಂದು ಸೆಕೆಂಡಿನೊಳಗೆ ಉತ್ತರ ಬಾರದೆ ಸತತ ಮೂರು ಬಾರಿ ವಿಫಲವಾದರೆ, ಮೊದಲೇ ಇರುವ ಆಯ್ಕೆಗಳ ಪ್ರಕಾರ ಆರೋಗ್ಯವಾಗಿರುವ ಎಲ್ಲ ಪಾಡ್‌ಗಳೂ ಮರುಆರಂಭವಾಗುತ್ತವೆ. ಅವೆಲ್ಲ ಎದ್ದು ಒಟ್ಟಿಗೇ ಅದೇ ಡೇಟಾಬೇಸ್‌ಗೆ ಮುಗಿಬೀಳುತ್ತವೆ. ಸಣ್ಣ ತೊಂದರೆ ದೊಡ್ಡ ಅನಾಹುತವಾಗುವ ದಾರಿ ಇದು. ಹೊಸ ಕೋರಿಕೆ ಬೇಡ ಎಂದು ಹೇಳುವುದು ರೆಡಿನೆಸ್ ಪ್ರೋಬ್‌ನ ಕೆಲಸ, ಎರಡನ್ನೂ ಕಲಸಬೇಡಿ.

ಪ್ರಶ್ನೆ: ನಮ್ಮದು ಚಿಕ್ಕ ಸಹಕಾರಿ ಸಂಘ. ಲೆಕ್ಕಪತ್ರದ ತಂತ್ರಾಂಶ ಒಂದೇ ಸರ್ವರ್‌ನಲ್ಲಿದೆ, ಬಳಸುವವರು ಮೂವತ್ತು ನಲವತ್ತು ಜನ. ಕುಬರ್ನೆಟೀಸ್‌ಗೆ ಹೋಗದಿದ್ದರೆ ಹಿಂದುಳಿಯುತ್ತೀರಿ ಎಂದು ತಂತ್ರಾಂಶ ಕೊಟ್ಟವರು ಹೇಳುತ್ತಿದ್ದಾರೆ.
– ಕಾರ್ಯದರ್ಶಿ, ಹುಬ್ಬಳ್ಳಿ ಸಮೀಪ

ಉತ್ತರ: ಬೇಡ. ನಿಮ್ಮ ಸದಸ್ಯರ ಹಣ ಇದಕ್ಕೆ ಹೋಗಬಾರದು. ಒಂದು ಯಂತ್ರ ಕೆಟ್ಟರೂ ಎಟ್‌ಸಿಡಿ ಉಳಿಯಬೇಕಾದರೆ ಕನಿಷ್ಠ ಮೂರು ಯಂತ್ರಗಳು ಬೇಕು, ಏಕೆಂದರೆ ಅಲ್ಲಿ ಪ್ರತಿ ಬದಲಾವಣೆಗೂ ಬಹುಮತ ಬೇಕು. ಎರಡಿದ್ದು ಒಂದು ಹೋದರೆ ಬಹುಮತವೇ ಇರುವುದಿಲ್ಲ. ಅದರ ಮೇಲೆ ಅಪ್ಲಿಕೇಷನ್ ಓಡಿಸುವ ಯಂತ್ರಗಳು, ವರ್ಷಕ್ಕೆ ಹಲವು ಬಾರಿ ಬರುವ ಹೊಸ ಆವೃತ್ತಿಗಳು, ಅವನ್ನು ನೋಡಿಕೊಳ್ಳುವ ಮನುಷ್ಯ. ನಿಮ್ಮ ತಂತ್ರಾಂಶ, ಒಂದೇ ಯಂತ್ರದಲ್ಲಿ ಕೆಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಮೇಲೆ ಅದೇ ಒಂದು ಸರ್ವರ್‌ನಲ್ಲಿ ಓಡಲಿ. ಬಿದ್ದರೆ ತಾನೇ ಏಳುವ ಆಯ್ಕೆ ಅದರಲ್ಲೂ ಇದೆ. ಉಳಿದ ಹಣದಲ್ಲಿ ಪ್ರತಿ ರಾತ್ರಿ ಬ್ಯಾಕಪ್ ಬೇರೆ ಊರಿನ ಯಂತ್ರಕ್ಕೆ ಹೋಗುವಂತೆ ಮಾಡಿಸಿ, ಮೂರು ತಿಂಗಳಿಗೊಮ್ಮೆ ಅದರಿಂದ ಲೆಕ್ಕವನ್ನು ಮತ್ತೆ ಎತ್ತಿ ನೋಡಿಸಿ. ಕುಬರ್ನೆಟೀಸ್ ನಿಮ್ಮ ಲೆಕ್ಕಪತ್ರದ ಬ್ಯಾಕಪ್ಪನ್ನು ತಾನಾಗಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಅವರು ನಿಮಗೆ ಹೇಳಿದ್ದಾರೆಯೇ?

ಪ್ರಶ್ನೆ: ಪಾಸ್‌ವರ್ಡ್‌ಗಳನ್ನು ಕುಬರ್ನೆಟೀಸ್‌ನ ಸೀಕ್ರೆಟ್ ಎಂಬ ಜಾಗದಲ್ಲಿ ಇಟ್ಟರೆ ಸುರಕ್ಷಿತವಲ್ಲವೇ?
– ಓದುಗ, ಉಡುಪಿ

ಉತ್ತರ: ಅದರಲ್ಲಿರುವುದು ಬೇಸ್64 ರೂಪ ಮಾತ್ರ; ಅದು ಬೀಗವಲ್ಲ, ಬರೆಯುವ ಇನ್ನೊಂದು ರೀತಿ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಎಟ್‌ಸಿಡಿಯಲ್ಲಿ ಗೂಢಲಿಪೀಕರಣವನ್ನು ನೀವೇ ಚಾಲೂ ಮಾಡಬೇಕು, ಯಾರು ಓದಬಹುದು ಎಂಬ ಅನುಮತಿಯನ್ನು ಬಿಗಿ ಮಾಡಬೇಕು. ಸೀಕ್ರೆಟ್ ಕಡತವನ್ನು ಕೋಡ್ ಇಡುವ ಗಿಟ್‌ಗೆ ಸೇರಿಸಲೇಬೇಡಿ.

ಪ್ರಶ್ನೆ: ಎಷ್ಟೇ ಜನ ನುಗ್ಗಿದರೂ ಕುಬರ್ನೆಟೀಸ್ ತಾನಾಗಿಯೇ ಹಿಗ್ಗುತ್ತದೆ, ಜಾಲತಾಣ ಬೀಳುವುದೇ ಇಲ್ಲ ಎನ್ನುತ್ತಾರೆ. ನಿಜವೇ?
– ಉಪನ್ಯಾಸಕರು, ಕಲಬುರಗಿ

ಉತ್ತರ: ಅರ್ಧ ನಿಜ. 2016ರಲ್ಲಿ ಪೋಕೆಮಾನ್ ಗೋ ಆಟ ಗೂಗಲ್‌ನ ಕುಬರ್ನೆಟೀಸ್ ಸೇವೆಯ ಮೇಲೆ ಓಡುತ್ತಿತ್ತು. ಬಳಕೆದಾರರ ದಟ್ಟಣೆಯ ನಿರೀಕ್ಷೆ ಒಂದು ಪಾಲು, ತೀರಾ ಕೆಟ್ಟ ಅಂದಾಜು ಐದು ಪಾಲು ಎಂದಿದ್ದಲ್ಲಿ ಬಂದದ್ದು ಐವತ್ತು ಪಾಲು. ಆಟ ಉಳಿಯಿತು ನಿಜ, ಆದರೆ ಅದರ ಹಿಂದೆ ಗೂಗಲ್ ಮತ್ತು ಆಟ ಕಟ್ಟಿದ ಕಂಪನಿ, ಎರಡರ ಎಂಜಿನಿಯರುಗಳೂ ಇದ್ದರು. ಜಪಾನಿನ ಬಿಡುಗಡೆಗೆ ಮುನ್ನ ಸಾವಿರಕ್ಕೂ ಹೆಚ್ಚು ಯಂತ್ರಗಳನ್ನು ಸೇರಿಸಲು ಇಡೀ ಯಂತ್ರ ಸಮೂಹದ ಕುಬರ್ನೆಟೀಸ್ ಆವೃತ್ತಿಯನ್ನೇ ಬದಲಿಸಬೇಕಾಯಿತು.

ಪಾಡ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ಭಾಗ ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಲೆಕ್ಕ ನೋಡುತ್ತದೆ. ಯಂತ್ರದಲ್ಲಿ ಜಾಗ ಮುಗಿದಿದ್ದರೆ ಹೊಸ ಯಂತ್ರ ಎದ್ದು ಸಿದ್ಧವಾಗಲು ನಿಮಿಷಗಳೇ ಬೇಕು. ಪರೀಕ್ಷೆಯ ಫಲಿತಾಂಶ ಹನ್ನೊಂದು ಗಂಟೆಗೆ ಎಂದು ಮೊದಲೇ ಸಾರಿದ ಮೇಲೆ ಲಕ್ಷಾಂತರ ಮಕ್ಕಳು ಹನ್ನೊಂದಕ್ಕೇ ಬರುತ್ತಾರೆ, ಆ ನಿಮಿಷಗಳು ಅಲ್ಲಿ ಸಿಗುವುದಿಲ್ಲ. ಅಂಥ ಕಡೆ ಹತ್ತೂವರೆಗೇ ಪ್ರತಿಗಳನ್ನು ಹೆಚ್ಚಿಸಿ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಡೇಟಾಬೇಸ್ ಕಡೆ ನೋಡಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೊದಲೇ ಇರುವ ಆಯ್ಕೆಯಲ್ಲಿ ಒಪ್ಪುವುದು 100 ಸಂಪರ್ಕಗಳನ್ನು. ಒಂದೊಂದು ಪಾಡ್ ಹತ್ತು ಸಂಪರ್ಕ ಹಿಡಿದರೆ ಹತ್ತನೆಯ ಪಾಡ್‌ಗೇ ಬಾಗಿಲು ಮುಚ್ಚುತ್ತದೆ, ಪಾಡ್‌ಗಳನ್ನು ಐವತ್ತಕ್ಕೆ ಏರಿಸಿ ಪ್ರಯೋಜನವಿಲ್ಲ. ಫಲಿತಾಂಶದಂಥ, ಒಮ್ಮೆ ಬರೆದ ಮೇಲೆ ಬದಲಾಗದ ಮಾಹಿತಿಗೆ ಡೇಟಾಬೇಸನ್ನು ಕೇಳುವ ಅಗತ್ಯವೇ ಇಲ್ಲ. ಹಿಂದಿನ ರಾತ್ರಿಯೇ ಒಬ್ಬೊಬ್ಬರ ಪುಟವನ್ನು ಸಿದ್ಧಮಾಡಿ, ಹನ್ನೊಂದಕ್ಕೆ ತೆರೆಯುವಂತೆ ಬೀಗ ಹಾಕಿ ಕ್ಯಾಶ್‌ನಲ್ಲಿ (ಬೇಗ ಕೈಗೆ ಸಿಗುವ ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಬಿಡಬಹುದು. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಪ್ರಾಜೆಕ್ಟ್ ಆಗಿ ಕೊಡಿ: ಒಂದು ಸಾವಿರ ಸುಳ್ಳು ಫಲಿತಾಂಶಗಳು, ಮಿನಿಕ್ಯೂಬ್, ಒಂದು ಪೋಸ್ಟ್‌ಗ್ರೆಸ್, ಭಾರ ಹಾಕಲು ಯಾವುದಾದರೂ ಪರೀಕ್ಷಾ ಸಾಧನ. ಮೊದಲು ಬೀಳುವುದು ಯಾವುದು ಎಂದು ಅವರೇ ಹುಡುಕಿ ಬರೆಯಲಿ.