ಕೊರೊನಾ ಎಲ್ಲರಿಗೂ ಬಂತು. ಅಮೆರಿಕದಲ್ಲಿ ಅಲ್ಪಸಂಖ್ಯಾತ ಜನಾಂಗಗಳಿಗೇ ಮಾನಸಿಕ ಒತ್ತಡ ಜಾಸ್ತಿ ಆಗಿದ್ದು ಯಾಕೆ?

ಮೊದಲು ಅಂಕಿ ನೋಡಿ. 2020ರ ಜೂನ್ ಕೊನೆಯ ವಾರ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಸಮೀಕ್ಷೆ ನಡೆಸಿತು. ಹಿಂದಿನ 30 ದಿನಗಳಲ್ಲಿ ಆತ್ಮಹತ್ಯೆಯ ಬಗ್ಗೆ ಗಂಭೀರವಾಗಿ ಯೋಚಿಸಿದ್ದೆವು ಅಂದವರು ಒಟ್ಟಾರೆ ಶೇ 10.7. ಕಪ್ಪು ಜನರಲ್ಲಿ ಅದು ಶೇ 15.1, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಜನರಲ್ಲಿ ಶೇ 18.6.

ಇದು ಬರೀ ರೋಗದ ಭಯ ಅಲ್ಲ. ಬಸ್ ಓಡಿಸುವುದು, ಮಾಂಸದ ಕಾರ್ಖಾನೆ, ಅಂಗಡಿಯ ಕೌಂಟರ್, ಹೀಗೆ ಮನೆಯಲ್ಲಿ ಕೂತು ಮಾಡಲಾಗದ ಕೆಲಸಗಳಲ್ಲಿ ಇವರು ಜಾಸ್ತಿ ಇದ್ದರು. ಎಷ್ಟೋ ಮನೆಗಳಲ್ಲಿ ಅಜ್ಜಿ, ಮೊಮ್ಮಕ್ಕಳು ಎಲ್ಲ ಒಂದೇ ಸೂರಿನಡಿ. ಕೆಲಸಕ್ಕೆ ಹೋದರೆ ಅಜ್ಜಿಗೆ ಸೋಂಕು ತರುವ ಭಯ, ಬಿಟ್ಟರೆ ಬಾಡಿಗೆಯ ಚಿಂತೆ. ನವಾಜೊ ಮೂಲನಿವಾಸಿಗಳ ಸೀಮೆಯಲ್ಲಂತೂ ಸುಮಾರು ಮೂರರಲ್ಲೊಂದು ಮನೆಗೆ ನಲ್ಲಿ ನೀರೇ ಇರಲಿಲ್ಲ. ಪದೇ ಪದೇ ಕೈ ತೊಳೀರಿ ಅಂದ್ರೆ ಎಲ್ಲಿಂದ ತೊಳೆಯೋದು?

ಆ ಸಮೀಕ್ಷೆಗೆ ಒಂದು ತಿಂಗಳ ಹಿಂದಷ್ಟೇ ಮಿನಿಯಾಪೊಲಿಸ್‌ನಲ್ಲಿ ಬಿಳಿ ಪೊಲೀಸನೊಬ್ಬ ಕುತ್ತಿಗೆಯ ಮೇಲೆ ಮಂಡಿಯೂರಿ ಒತ್ತಿದ್ದರಿಂದ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತಿದ್ದರು. ಆ ವಿಡಿಯೊ ಎಲ್ಲರ ಫೋನಿನಲ್ಲಿತ್ತು.

ಏಷ್ಯಾ ಮೂಲದವರ ಪಾಡು ಇನ್ನೊಂದು ತರ. ಅಧ್ಯಕ್ಷ ಟ್ರಂಪ್ ಅವರೇ 'ಚೈನೀಸ್ ವೈರಸ್' ಅನ್ನುತ್ತಿದ್ದರು. ರಸ್ತೆಯಲ್ಲಿ ಸುಮ್ನೆ ಹೋಗುತ್ತಿದ್ದವರನ್ನು ಬೈದರು, ಉಗಿದರು, ಹೊಡೆದರು. ನಾವೇನೂ ಬೇರೆ ಅಲ್ಲ ಬಿಡಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ನಾಗಾಲ್ಯಾಂಡ್ ಹುಡುಗರನ್ನು ಅವರ ಮುಖ ನೋಡಿಯೇ ಒಳಗೆ ಬಿಡಲಿಲ್ಲ.

ಹೋಗಲಿ, ಯಾರ ಹತ್ತಿರವಾದರೂ ಹೇಳಿಕೊಳ್ಳೋಣ ಅಂದರೆ, ಅಮೆರಿಕದ ಮನಃಶಾಸ್ತ್ರಜ್ಞರಲ್ಲಿ ಬಹುಪಾಲು ಬಿಳಿಯರು. ಸ್ಪ್ಯಾನಿಷ್ ಮಾತ್ರ ಬರುವ ತಾಯಿಗೆ ತನ್ನ ಸಂಕಟ ಬಿಡಿಸಿ ಹೇಳಲು ಮಗಳೇ ದುಭಾಷಿ ಆಗಬೇಕು. ಮಗಳ ಮುಂದೆ ಆಕೆ ಎಷ್ಟು ಹೇಳಿಯಾಳು?